ಬಿಸಿಗೆಂದು ಬಡಿದ ತಗಡು

ಅಮೆರಿಕದ ಹಳೆಯ ಮನೆಗಳಲ್ಲಿ ಹೊಸ ಎ.ಸಿ. ಕೂರಿಸಿದ ಮೊದಲ ಬೇಸಿಗೆಯಲ್ಲಿ ಆಗಾಗ ಒಂದು ದೂರು ಕೇಳಿಬರುತ್ತದೆ. ಮಳೆ ಬಂದಿಲ್ಲ, ನಲ್ಲಿ ಸೋರಿಲ್ಲ, ಆದರೂ ನೆಲಮಾಳಿಗೆಯ ಸೂರಿನಡಿ ಹಾದುಹೋದ ತಗಡಿನ ಡಕ್ಟ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಮೆಕ್ಯಾನಿಕ್ ಬಂದು ನೋಡಿ ಯಂತ್ರ ಸರಿಯಾಗಿದೆ ಎನ್ನುತ್ತಾನೆ. ಅವನ ಮಾತು ಬಹುಮಟ್ಟಿಗೆ ನಿಜವೇ. ಯಂತ್ರ ಈ ವರ್ಷದ್ದು; ಡಕ್ಟ್ ಅಜ್ಜನ ಕಾಲದ್ದು, ಅದೂ ಬೇರೊಂದು ಕೆಲಸಕ್ಕೆಂದು ಬಡಿದದ್ದು.

ಆ ಕೆಲಸ ಚಳಿಗಾಲದ್ದು. 1895ರಲ್ಲಿ ಅಯೋವಾ ರಾಜ್ಯದ ಮಾರ್ಷಲ್‌ಟೌನ್‌ನಲ್ಲಿ ಡೇವ್ ಲೆನಾಕ್ಸ್ ಎಂಬ ಕುಶಲಕರ್ಮಿ ಉಕ್ಕಿನ ಹಾಳೆಗಳನ್ನು ರಿವೆಟ್ ಹೊಡೆದು ಕೂಡಿಸಿ, ಮನೆ ಬೆಚ್ಚಗಿಡುವ ಫರ್ನೇಸ್ ತಯಾರಿಸತೊಡಗಿದ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಎರಕದ ಕಬ್ಬಿಣದ ಒಲೆಗಳು ಕಾದು ಆರಿ ಕೀಲು ಬಿಟ್ಟು, ಕಲ್ಲಿದ್ದಲ ಹೊಗೆಯನ್ನು ಮನೆಯೊಳಕ್ಕೆ ಬಿಡುತ್ತಿದ್ದವು. ನೆಲಮಾಳಿಗೆಯ ಫರ್ನೇಸಿನಿಂದ ದಪ್ಪ ದಪ್ಪ ತಗಡಿನ ಕೊಳವೆಗಳು ಕೋಣೆಕೋಣೆಗೂ ಏರುತ್ತಿದ್ದವು. ಫ್ಯಾನ್ ಇರಲಿಲ್ಲ. ಬಿಸಿಗಾಳಿ ಹಗುರ, ತಾನಾಗಿ ಮೇಲೇರುತ್ತದೆ; ತಣ್ಣಗಾದದ್ದು ಭಾರವಾಗಿ ಕೆಳಗಿಳಿಯುತ್ತದೆ. ಎಂಟು ದಿಕ್ಕಿಗೂ ಕೈ ಚಾಚಿದ ಆ ಆಕಾರಕ್ಕೆ ಜನ ಇಟ್ಟ ಅಡ್ಡಹೆಸರು ಆಕ್ಟೋಪಸ್. ಕಾವು ದಾರಿಯಲ್ಲೇ ಸೋರಿಹೋಗದಿರಲೆಂದು ತಗಡಿನ ಮೇಲೆ ಕಲ್ನಾರಿನ ಬಿಳಿ ಕಾಗದ ಸುತ್ತುತ್ತಿದ್ದರು. ಹೊರಮೈ ಒದ್ದೆಯಾದೀತು ಎಂದು ಚಿಂತಿಸಲು ಆ ತಗಡು ಕೆಲಸದವರಿಗೆ ಕಾರಣವೇ ಇರಲಿಲ್ಲ. ಕಾದ ಕೊಳವೆಗೆ ಬೆವರೆಂಬುದಿಲ್ಲ.

ತಣ್ಣನೆಯ ಕೊಳವೆಗೆ ಇದೆ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟದ ಮೇಲೆ ಕೂರುವ ಹನಿಗಳು ಲೋಟದ ಒಳಗಿನವಲ್ಲ, ಸುತ್ತಲಿನ ಗಾಳಿಯವು. (ಮಣ್ಣಿನ ಹೂಜಿಯದು ಬೇರೆ ಕಥೆ, ಅಲ್ಲಿ ನೀರು ಒಳಗಿನಿಂದಲೇ ಜಿನುಗುತ್ತದೆ.) ಇಬ್ಬನಿ ಆಕಾಶದಿಂದ ಬೀಳುವುದೋ ನೆಲದಿಂದ ಏಳುವುದೋ ಎಂಬ ಹಳೆಯ ಜಗಳವನ್ನು 1814ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ತನ್ನ ಪ್ರಬಂಧದಲ್ಲಿ ಬಗೆಹರಿಸಿದ್ದ: ವಸ್ತು ಮೊದಲು ತಣ್ಣಗಾಗುತ್ತದೆ, ಗಾಳಿಯ ಆವಿ ಆಮೇಲೆ ಅದರ ಮೇಲೆ ಹನಿಗಟ್ಟುತ್ತದೆ. ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು, ಆರ್ದ್ರತೆ ನೂರಕ್ಕೆ 70 ಇದ್ದರೆ, ಇಬ್ಬನಿ ಬಿಂದು, ಅಂದರೆ ಆವಿ ಹನಿಗಟ್ಟತೊಡಗುವ ಉಷ್ಣತೆ, ಸುಮಾರು 24 ಡಿಗ್ರಿ. ಎ.ಸಿ.ಯಿಂದ ಹೊರಟ ಗಾಳಿ 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬರಿಯ ತಗಡು ಬೆವರದೆ ಇನ್ನೇನು ಮಾಡೀತು!

ಸ್ವಾರಸ್ಯವೆಂದರೆ, ಈ ಬೆವರನ್ನೇ ಬಯಸಿ ಎ.ಸಿ. ಹುಟ್ಟಿದ್ದು. 1902ರಲ್ಲಿ ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯದವರಿಗೆ ಕಾಗದದ ಕಾಟ ಹತ್ತಿತ್ತು. ಬೇಸಿಗೆಯ ತೇವಕ್ಕೆ ಹಾಳೆ ಹಿಗ್ಗುತ್ತಿತ್ತು, ಒಣಹವೆಗೆ ಕುಗ್ಗುತ್ತಿತ್ತು. ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಪರಿಹಾರ ಹುಡುಕುವ ಹೊಣೆ ಬಫಲೋ ಫೋರ್ಜ್ ಕಂಪನಿಯ ವಿಲಿಸ್ ಕ್ಯಾರಿಯರ್‌ಗೆ ಬಂತು. ಹಿಂದಿನ ವರ್ಷವಷ್ಟೇ ಕಾರ್ನೆಲ್‌ನಲ್ಲಿ ಓದು ಮುಗಿಸಿದ್ದ ಹುಡುಗ. ಅವನ ಕಂಪನಿಯ ಕಸುಬೋ ಗಾಳಿಯನ್ನು ಬಿಸಿ ಮಾಡುವುದು. ಉಗಿ ಹರಿಯುವ ಕಾಯಿಲ್‌ಗಳಲ್ಲಿ ಅವನು ತಣ್ಣೀರು ಹರಿಸಿದ. ಹಾದುಹೋದ ಗಾಳಿ ತನ್ನ ತೇವವನ್ನು ಕಾಯಿಲ್‌ನ ಮೇಲೆ ಹನಿಯಾಗಿ ಬಿಟ್ಟು ಮುಂದೆ ಸಾಗಿತು. ಬೇಕಾಗಿದ್ದದ್ದು ನೂರಕ್ಕೆ 55ರ ಸ್ಥಿರ ಆರ್ದ್ರತೆ. ತಂಪು ಜೊತೆಗೆ ಬಂದ ಲಾಭ. ಬಿಸಿಗೆಂದು ಮಾಡಿದ ಕೊಳವೆಯಲ್ಲಿ ತಂಪು ಹರಿಸುವ ಚಾಳಿ, ನೋಡಿ, ಮೊದಲ ದಿನದಿಂದಲೇ ಈ ಕಸುಬಿಗೆ ಅಂಟಿಕೊಂಡಿದೆ. ಕಾಯಿಲ್‌ನಿಂದ ಇಳಿಯುವ ನೀರಿಗೆ ತಟ್ಟೆಯುಂಟು, ಹೊರಹೋಗಲು ಪೈಪೂ ಉಂಟು. ಡಕ್ಟ್‌ನಿಂದ ಇಳಿಯುವ ನೀರಿಗೆ ಯಾರೂ ದಾರಿ ಮಾಡಿರಲಿಲ್ಲ.

‘ಏರ್ ಕಂಡೀಷನಿಂಗ್’ ಎಂಬ ಹೆಸರು ಕೊಟ್ಟವನು ಕ್ಯಾರಿಯರ್ ಅಲ್ಲ. 1906ರಲ್ಲಿ ಆ ಮಾತನ್ನು ಬಳಸಿದ್ದು ಉತ್ತರ ಕೆರೊಲಿನಾದ ಸ್ಟುವರ್ಟ್ ಕ್ರೇಮರ್. ಅವನ ಉದ್ದೇಶವೋ ಕ್ಯಾರಿಯರ್‌ನದಕ್ಕೆ ತದ್ವಿರುದ್ಧ, ನೂಲಿನ ಗಿರಣಿಗಳ ಗಾಳಿಗೆ ತೇವ ಸೇರಿಸುವುದಾಗಿತ್ತು.

ಗಿರಣಿ, ಥಿಯೇಟರುಗಳಿಂದ ಈ ತಂಪು ಸಾಮಾನ್ಯರ ಮನೆಗೆ ಬರಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಫರ್ನೇಸಿಗೆ ವಿದ್ಯುತ್ ಬ್ಲೋಯರ್ ಸೇರಿತ್ತು. ಗಾಳಿಯನ್ನು ದೂಡುವವರು ಇರುವಾಗ ದಪ್ಪ ಕೊಳವೆ ಯಾಕೆ? ಡಕ್ಟ್‌ಗಳು ಸಪೂರವಾದವು. 1954ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ 22 ಮನೆಗಳ ಬಡಾವಣೆಯೊಂದನ್ನು ಕಟ್ಟಿ, ಮಧ್ಯಮ ವರ್ಗದವರಿಗೆ ಇಡೀ ಮನೆಯ ಎ.ಸಿ. ಹೊಂದೀತೇ ಎಂದು ಪರೀಕ್ಷಿಸಿದರು. ಅವು ಆ ಉದ್ದೇಶಕ್ಕೇ ಕಟ್ಟಿದ ಹೊಸ ಮನೆಗಳು. ಹಳೆಯ ಮನೆಯವರು ಹಿಡಿದದ್ದು ಅಗ್ಗದ ದಾರಿ: ಫರ್ನೇಸಿನ ನೆತ್ತಿಯ ಮೇಲೆ ತಂಪು ಕಾಯಿಲ್ ಕೂರಿಸಿ, ಇದ್ದ ಡಕ್ಟ್‌ಗೇ ಗಾಳಿ ಬಿಡುವುದು. ದುಡ್ಡಿನ ಲೆಕ್ಕದಲ್ಲಿ ಅದು ಜಾಣತನವೇ. ಗಾಳಿಯ ಲೆಕ್ಕ ಮಾತ್ರ ಕೂಡಲಿಲ್ಲ.

ಫರ್ನೇಸ್ ಗಾಳಿಯ ಬಿಸಿಯನ್ನು ಒಂದೇ ಸಲಕ್ಕೆ 25-30 ಡಿಗ್ರಿ ಏರಿಸಬಲ್ಲದು. ಹಾಗಾಗಿ ಸ್ವಲ್ಪ ಗಾಳಿಯೇ ಬೇಕಾದಷ್ಟು ಕಾವು ಹೊರುತ್ತದೆ. ಎ.ಸಿ. ಇಳಿಸುವುದು 11 ಡಿಗ್ರಿಯಷ್ಟು. ಕೋಣೆ ತಂಪಾಗಬೇಕಾದರೆ ಅದೇ ಕೊಳವೆಯಲ್ಲಿ ಹೆಚ್ಚು ಗಾಳಿ ಹರಿಯಬೇಕು. ಸಪೂರ ಡಕ್ಟ್ ಅದಕ್ಕೆ ಬಿಡುವುದಿಲ್ಲ. ಗಾಳಿ ಕಾಯಿಲ್‌ನ ಮೇಲೆ ನಿಧಾನಿಸಿ, ಇನ್ನಷ್ಟು ತಣ್ಣಗಾಗಿ ಹೊರಡುತ್ತದೆ. ತಗಡು ಇನ್ನಷ್ಟು ಬೆವರುತ್ತದೆ. ಫಿಲ್ಟರ್ ಧೂಳು ಕಟ್ಟಿದ್ದರೂ ಇದೇ ಫಲ. ಬೆವರು ಕಂಡ ಕೂಡಲೇ ಇನ್ನೂ ದೊಡ್ಡ ಯಂತ್ರ ತರುವವರಿದ್ದಾರೆ, ಅದು ತೀರಾ ತಪ್ಪು ಮದ್ದು. ದೊಡ್ಡ ಯಂತ್ರ ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ.

ಹೊದಿಕೆ ಸುತ್ತಿದರೆ ಸಾಲದೇ? ಎಂತಹ ಹೊದಿಕೆ ಎಂಬುದೇ ಮುಖ್ಯ. 1938ರಲ್ಲಿ ಟೈಲರ್ ಸ್ಟುವರ್ಟ್ ರಾಜರ್ಸ್ ‘ಆರ್ಕಿಟೆಕ್ಚರಲ್ ರೆಕಾರ್ಡ್’ ಪತ್ರಿಕೆಯಲ್ಲಿ ಮನೆಯ ಗೋಡೆಗಳ ಕುರಿತು ಬರೆಯುತ್ತಾ, ಉಷ್ಣನಿರೋಧಕದ ಬೆಚ್ಚನೆಯ ಬದಿಗೆ ಆವಿ ನುಗ್ಗದಂತೆ ತಡೆ ಇರಬೇಕೆಂದು ವಾದಿಸಿದ. ಚಳಿದೇಶದ ಗೋಡೆಗೆ ಬೆಚ್ಚನೆಯ ಬದಿ ಒಳಗಡೆ. ಬೇಸಿಗೆಯ ಡಕ್ಟ್‌ಗೆ ಅದು ಹೊರಗಡೆ. ಆದ್ದರಿಂದಲೇ ಇಂದಿನ ಗಾಜಿನ ಉಣ್ಣೆಯ ಹೊದಿಕೆಗೆ ಹೊರಗೆ ಫಾಯಿಲ್ ಇರುತ್ತದೆ. ಅದು ಹರಿದರೆ ಆವಿ ಒಳನುಗ್ಗಿ, ಉಣ್ಣೆ ನೆನೆದು, ಹೊದಿಕೆಯೇ ಒದ್ದೆ ಕಂಬಳಿಯಾಗುತ್ತದೆ. ನಮ್ಮ ಮನೆಗಳ ಸ್ಪ್ಲಿಟ್ ಎ.ಸಿ.ಗೆ ಡಕ್ಟ್ ಇಲ್ಲ, ಆದರೂ ಅದರ ತಾಮ್ರದ ಪೈಪಿಗೆ ಕಪ್ಪು ಫೋಮ್ ತೊಡಿಸುವುದು ಇದೇ ಕಾರಣಕ್ಕೆ. ಮಂಗಳೂರಿನ ಸೆಕೆಯಲ್ಲಿ ಆ ಫೋಮ್ ಎಲ್ಲಿ ಬಾಯಿಬಿಟ್ಟಿದೆಯೋ ಅಲ್ಲೇ ಹನಿ ಬೀಳುತ್ತದೆ.

ಅಮೆರಿಕದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಒಂದು ಮಾತು. ನೆಲಮಾಳಿಗೆಯ ಡಕ್ಟ್‌ನ ಕೀಲುಗಳಲ್ಲಿ ಬಿಳಿ ಕಾಗದದಂಥ ಸುತ್ತು ಕಂಡರೆ, ನೆನೆದಿದೆಯೆಂದು ಕಿತ್ತು ಒರೆಸಲು ಹೋಗಬೇಡಿ. ಅದು ಆಕ್ಟೋಪಸ್ ಕಾಲದ ಕಲ್ನಾರು ಇದ್ದೀತು. ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರಬಲ್ಲದು. ಮೊದಲು ಪರೀಕ್ಷೆ ಮಾಡಿಸಿ, ಕಲ್ನಾರೇ ಆಗಿದ್ದರೆ ಪರವಾನಗಿ ಇರುವವರಿಂದ ತೆಗೆಸಿ, ಎ.ಸಿ.ಯ ಮಾತು ಆಮೇಲೆ.