ತುಘಲಕನ ಆಸ್ಥಾನದಲ್ಲಿ ಅಜೀಜ್

ಗಿರೀಶ ಕಾರ್ನಾಡರ 'ತುಘಲಕ್' ಪ್ರಕಟವಾದದ್ದು 1964ರಲ್ಲಿ. ನೆಹರೂ ತೀರಿಕೊಂಡದ್ದೂ ಅದೇ ವರ್ಷ. 14ನೇ ಶತಮಾನದ ದೆಹಲಿ ಸುಲ್ತಾನನಲ್ಲಿ ಓದುಗರು ತಮ್ಮ ಕಾಲದ ಭಗ್ನ ಕನಸುಗಳನ್ನು ಕಂಡರು. ದೌಲತಾಬಾದಿಗೆ ರಾಜಧಾನಿ ಸಾಗಿಸಿದ್ದು, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ.

ಹವ್ಯಾಸಿ ತಂಡವೊಂದರಲ್ಲಿ ಅಜೀಜನ ಪಾತ್ರ ಮಾಡಿದವನು ನಾನು. ಈ ನಾಟಕದ ಜೀವ ಇರುವುದು ಅವನಲ್ಲೇ ಎಂದು ನನ್ನ ನಂಬಿಕೆ. ಅಗಸನಾದ ಅಜೀಜ್ ಬ್ರಾಹ್ಮಣನ ವೇಷ ತೊಟ್ಟು, ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದು, ಪರಿಹಾರದ ಜೊತೆಗೆ ಸರ್ಕಾರಿ ನೌಕರಿಯನ್ನೂ ಗಿಟ್ಟಿಸುತ್ತಾನೆ. ಆಮೇಲೆ ಖೋಟಾ ನಾಣ್ಯ. ವಲಸೆಯ ದಾರಿಯಲ್ಲಿ, ಸಾಯುತ್ತಿರುವ ಮಗುವಿನ ತಾಯಿಯಿಂದಲೂ ಲಂಚ ಕೇಳುತ್ತಾನೆ! ಕಡೆಗೆ ಖಲೀಫರ ವಂಶಸ್ಥನನ್ನು ಕೊಂದು, ಅವನ ಹೆಸರಿನಲ್ಲೇ ಅರಮನೆ ಹೊಗುತ್ತಾನೆ. ದೊರೆಯ ಒಂದೊಂದು ಆದರ್ಶದಲ್ಲೂ ಅವನಿಗೊಂದು ಕಳ್ಳದಾರಿ. ಸಿಕ್ಕಿಬಿದ್ದಾಗ, ತಾನೇ ಸುಲ್ತಾನನ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ತಾಲೀಮಿನಲ್ಲಿ ಆ ಮಾತಾಡುವಾಗ ಮೈ ಜುಮ್ಮೆನ್ನುತ್ತಿತ್ತು. ಸುಲ್ತಾನ ಅವನನ್ನು ಶಿಕ್ಷಿಸುವುದಿಲ್ಲ. ದಖನ್ನಿನಲ್ಲಿ ಹುದ್ದೆ ಕೊಡುತ್ತಾನೆ.

ಸಿ.ಆರ್. ಸಿಂಹ ಅವರ ಅಭಿನಯದಿಂದ ತುಘಲಕ್ ಕನ್ನಡಿಗರ ಮನೆಮಾತಾದ. ನಾಟಕವನ್ನು ಹೊಸದಾಗಿ ಓದುವವರು ದಯವಿಟ್ಟು ಅಜೀಜನ ದೃಶ್ಯಗಳಲ್ಲೂ ಅಷ್ಟೇ ಹೊತ್ತು ನಿಲ್ಲಿ.