ಧಾರೆಗೊಂದು ಫೋಲ್ಡರ್

ಸ್ಟುಡಿಯೊ ಇಟ್ಟವನಿಗೆ ಫೋಟೊ ತೆಗೆಯುವುದು ಅರ್ಧ ಕೆಲಸ. ತೆಗೆದದ್ದನ್ನು ಕೇಳಿದಾಗ ಹುಡುಕಿ ಕೊಡುವುದು ಇನ್ನರ್ಧ. ವಿಜಯನಗರದಲ್ಲಿ ನಾನು ಕೆಲಸ ಕಲಿತದ್ದು ರೀಲಿನ ಕಾಲದಲ್ಲಿ. 36 ಫ್ರೇಮಿನ ರೀಲು ತೊಳೆದು ಬಂದ ಮೇಲೆ ಆರಾರು ಫ್ರೇಮಿಗೆ ಕತ್ತರಿಸಿ ಕವರಿಗೆ ಹಾಕಬೇಕು. ಕವರಿನ ಮೇಲೆ ಬಿಲ್ ನಂಬರು, ಹೆಣ್ಣಿನ ಕಡೆಯವರ ಹೆಸರು, ಛತ್ರ, ತಾರೀಖು. ಅದೇ ನಂಬರು ಉದ್ದನೆಯ ರಿಜಿಸ್ಟರಿಗೂ ಏರಬೇಕು. ಎಷ್ಟೋ ವರ್ಷದ ಮೇಲೆ ಯಾರಾದರೂ ಬಂದು, "ಅದೇ ಫೋಟೊ ಇನ್ನೆರಡು ಕಾಪಿ ಬೇಕಿತ್ತಲ್ಲ" ಎಂದರೆ, "ನಿಮ್ಮ ಫೋಟೊ ಕವರಿನ ಹಿಂದೆ ನಂಬರಿದೆ, ನೋಡಿ ಹೇಳಿ ಸಾರ್" ಎನ್ನುತ್ತಿದ್ದೆವು. ನಂಬರು ಸಿಕ್ಕರೆ ಟ್ರಂಕಿನಿಂದ ನೆಗೆಟಿವ್ ಹೊರಬರಲು ಐದು ನಿಮಿಷ ಸಾಕು.

ಡಿಜಿಟಲ್ ಕ್ಯಾಮೆರಾ ಬಂದಾಗ ಅದರೊಳಗೂ ಒಬ್ಬ ಗುಮಾಸ್ತ ಕೂತಿದ್ದ. ಅವನನ್ನು ನೇಮಿಸಿದ್ದು ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘ, ಜೈಡಾ. ಒಂದು ಕಂಪನಿಯ ಕ್ಯಾಮೆರಾದ ಕಾರ್ಡನ್ನು ಇನ್ನೊಂದು ಕಂಪನಿಯ ಕ್ಯಾಮೆರಾ, ಪ್ರಿಂಟರುಗಳೂ ಓದುವಂತಿರಲಿ ಎಂದು ಅದು 1998ರಲ್ಲಿ ಡಿಸಿಎಫ್ ಎಂಬ ನಿಯಮ ತಂದಿತು. ಕಾರ್ಡಿನಲ್ಲಿ ಮೊದಲು ಡಿಸಿಐಎಂ ಎಂಬ ದೊಡ್ಡ ಫೋಲ್ಡರು. ಅದರೊಳಗಿನ ಪ್ರತಿ ಫೋಲ್ಡರಿಗೂ 100ರಿಂದ 999ರವರೆಗಿನ ಒಂದು ಅಂಕಿ, ಹಿಂದೆ ಐದು ಅಕ್ಷರ. ಫೋಟೊಗೆ ನಾಲ್ಕು ಅಕ್ಷರ, ಆಮೇಲೆ 0001ರಿಂದ 9999. ಹೆಸರು ಎಂಟಕ್ಷರ ಮೀರಬಾರದೆಂಬ ಈ ಜಿಪುಣತನ ಹಳೆಯ ಡಾಸ್ ಕಂಪ್ಯೂಟರುಗಳಿಂದ ಬಂದದ್ದು. ಕ್ಯಾನನ್ ತನ್ನ ಐದು ಅಕ್ಷರಕ್ಕೆ ತನ್ನ ಹೆಸರನ್ನೇ ಹಾಕಿಕೊಂಡಿತು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾಗಿ ಐದೇ ಅಕ್ಷರ!

ಗೋದಾಮಿಗೆ ಇದು ಸರಿ. ಮದುವೆಗೆ ಸಾಲದು. ನಮ್ಮ ಕಡೆಯ ಛತ್ರಗಳಲ್ಲಿ ಮುನ್ನಾದಿನ ಸಂಜೆ ಆರತಕ್ಷತೆ, ಮಾರನೆ ಬೆಳಿಗ್ಗೆ ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ. ಕ್ಯಾಮೆರಾಗೆ ಇವೆಲ್ಲ ಬರೀ ಎಣಿಕೆ. ನಿಕಾನ್‌ನ ಕೆಲವು ಮಾಡೆಲ್‌ಗಳಲ್ಲಿ ಫೋಲ್ಡರಿಗೆ 999 ಫೋಟೊ ತುಂಬಿದೊಡನೆ, ಪುರೋಹಿತರು ಯಾವ ಮಂತ್ರದಲ್ಲಿದ್ದರೂ ಸರಿ, ಹೊಸ ಫೋಲ್ಡರು ಶುರು. ಅದಕ್ಕಿಂತ ದೊಡ್ಡ ತಲೆನೋವು 9999. ಅದರ ನಂತರದ ಫೋಟೊ ಮತ್ತೆ 0001. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ಕಡೆ ಸುರಿದು ಹೆಸರಿನ ಕ್ರಮಕ್ಕೆ ಹಾಕಿದರೆ ತಾಳಿ ಮೊದಲು ಕಟ್ಟಿ ಮದುಮಗ ಆಮೇಲೆ ಕಾಶಿಗೆ ಹೊರಡುತ್ತಾನೆ. ಎರಡು ಕ್ಯಾಮೆರಾ ಒಂದೇ ಕಂಪನಿಯವಾದರೆ ಒಂದೇ ಹೆಸರಿನ ಎರಡು ಫೋಟೊ, "ಇರುವುದನ್ನು ತೆಗೆದು ಇದನ್ನು ಹಾಕಲೇ?" ಎಂಬ ಪ್ರಶ್ನೆಗೆ ನಿದ್ದೆಗಣ್ಣಿನಲ್ಲಿ ಹೂಂ ಅಂದುಬಿಟ್ಟರೆ ಒಂದು ಹೋಯಿತು.

ಮದ್ದು ನಾವೇ ಕಂಡುಕೊಂಡೆವು. ಛತ್ರಕ್ಕೆ ಹೊರಡುವ ಮುಂಚೆ ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದು ಮಾಡುವುದು, ಆಮೇಲೆ ಹೆಸರು ಬಿಟ್ಟು ತೆಗೆದ ಹೊತ್ತಿನ ಪ್ರಕಾರ ಜೋಡಿಸುವುದು. ಐದಕ್ಷರ ಬದಲಿಸಲು ಬಿಡುವ ಕ್ಯಾಮೆರಾ ಕೈಯಲ್ಲಿದ್ದರೆ ಶಾಸ್ತ್ರಕ್ಕೊಂದು ಫೋಲ್ಡರು. ಡಿ, ಎಚ್, ಎ, ಆರ್, ಇ: ಧಾರೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಆರತಕ್ಷತೆಯನ್ನು ಮಾತ್ರ ಯಾವ ರೀತಿ ಮೊಟಕು ಮಾಡಿದರೂ ಚೆಂದವಿಲ್ಲ.

ಒಂದು ವಿಷಯದಲ್ಲಿ ನನಗೆ ರೀಲೇ ಮೇಲು. ನೆಗೆಟಿವ್ ಅಂಗಡಿಯಲ್ಲೇ ಉಳಿಯುತ್ತಿತ್ತು. ಕಾರ್ಡನ್ನು ಮುಂದಿನ ಮದುವೆಗೆ ಫಾರ್ಮ್ಯಾಟ್ ಮಾಡಲೇಬೇಕು. ಮೊದಮೊದಲು ಸಿಡಿಗೆ ಬರೆದು ನಿಶ್ಚಿಂತೆಯಾಗಿದ್ದೆವು. ಆ ಕಾಲದ ಎಷ್ಟೋ ಸಿಡಿಗಳನ್ನು ಇಂದು ಯಾವ ಡ್ರೈವೂ ಓದದು, ಅದಕ್ಕಿಂತ ಹಿಂದಿನ ನೆಗೆಟಿವ್‌ನಿಂದ ಮಾತ್ರ ಈಗಲೂ ಪ್ರಿಂಟ್ ಹಾಕಬಹುದು. ಆದ್ದರಿಂದ ರಿಜಿಸ್ಟರನ್ನು ನಾನು ಬಿಟ್ಟಿಲ್ಲ. ಕಂಪ್ಯೂಟರಿನ ಫೋಲ್ಡರಿಗೂ ಮೊದಲು ಬಿಲ್ ನಂಬರು, ಆಮೇಲೆ ವರ್ಷ, ತಿಂಗಳು, ದಿನ, ಕೊನೆಗೆ ಹೆಸರು. ಎರಡು ಹಾರ್ಡ್ ಡಿಸ್ಕಿಗೆ ಕಾಪಿಯಾಗುವವರೆಗೆ ಕಾರ್ಡು ಮುಟ್ಟುವಂತಿಲ್ಲ. ಆಲ್ಬಮ್ ಒಯ್ದು ಬಾಕಿ ತೀರಿಸುವವರೆಗೆ ಹಾರ್ಡ್ ಡಿಸ್ಕಿನದೂ ಅಳಿಸುವಂತಿಲ್ಲ. ಹೀಗಾಗಿ ಬಾಕಿ ಕೊಡದೆ ತಲೆಮರೆಸಿಕೊಂಡವರ ಮದುವೆಗಳೇ ನಮ್ಮಲ್ಲಿ ಎಲ್ಲಕ್ಕಿಂತ ಭದ್ರವಾಗಿವೆ.