ಫಿಲ್ಮ್ ಕವರು, ಸರ್ವರು ಮತ್ತು ರೋಗಿಯ ಗುರುತು: ಪುಲಿಕೇಶಿನಗರ ಸುತ್ತಿನ ವೈದ್ಯಕೀಯ ಚಿತ್ರಗಳ ವಿನಿಮಯ

ಬೆಂಗಳೂರಿನ ಪೂರ್ವಭಾಗದಲ್ಲಿ ಸ್ಕ್ಯಾನ್ ಚಿತ್ರಗಳು ಹೋಗಿಬರುವ ಹಾದಿ ಎರಡು ಬಗೆಯವು. ಒಂದು ಸಮುದ್ರ ದಾಟುವಂಥದ್ದು. ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ 2002ರಲ್ಲಿ ಆರಂಭಿಸಿದ, ಈಗ ವೈಟ್‌ಫೀಲ್ಡಿನಲ್ಲಿ ನೆಲೆಯೂರಿರುವ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆಯ ವೈದ್ಯರು ಇಲ್ಲಿ ಹಗಲಲ್ಲಿ ಕೂತು, ಅಮೆರಿಕದ ಆಸ್ಪತ್ರೆಗಳಲ್ಲಿ ನಡುರಾತ್ರಿ ತೆಗೆದ ಸಿಟಿ ಸ್ಕ್ಯಾನುಗಳನ್ನು ನೋಡಿ ರಿಪೋರ್ಟ್ ಕಳಿಸುತ್ತಾರೆ. ಇನ್ನೊಂದು ಹಾದಿ ಮೂರು ಕಿಲೋಮೀಟರಿನದು: ಪುಲಿಕೇಶಿನಗರದ ಮಾಸ್ಕ್ ರಸ್ತೆಯಿಂದಲೋ ಕೋಲ್ಸ್ ರಸ್ತೆಯಿಂದಲೋ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ. ಇಲ್ಲಿ ಚಿತ್ರ ಸಾಗುವುದು ಆಟೋದಲ್ಲಿ, ರೋಗಿಯ ಕಡೆಯವರು ಕಂಕುಳಲ್ಲಿ ಅವುಚಿಕೊಂಡ ದೊಡ್ಡ ಕವರಿನಲ್ಲಿ. ಒಪಿಡಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಫಿಲ್ಮ್ ತಂದಿದೀರಾ?’ ಎಂಬುದು. ತರದಿದ್ದರೆ ಮತ್ತೊಮ್ಮೆ ಸ್ಕ್ಯಾನ್.

ಮೊದಲನೆಯ ಹಾದಿಗೆ ಇಪ್ಪತ್ತು ವರ್ಷ ದಾಟಿದ ಮೇಲೂ ಎರಡನೆಯದು ಏಕೆ ಕವರನ್ನೇ ನಂಬಿದೆ ಎಂಬುದು ಈ ಲೇಖನದ ಪ್ರಶ್ನೆ. ತಂತ್ರಜ್ಞಾನದ ಕೊರತೆ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಸಿಟಿ ಸ್ಕ್ಯಾನಿನ ಒಂದು ಸ್ಲೈಸ್ ಸಾಮಾನ್ಯವಾಗಿ ಉದ್ದಗಲ 512 ಬಿಂದುಗಳದ್ದು. ಬಿಂದುವೊಂದಕ್ಕೆ ಎರಡು ಬೈಟಿನಂತೆ ಒಂದು ಸ್ಲೈಸಿಗೆ ಅರ್ಧ ಎಂಬಿ, 600 ಸ್ಲೈಸಿನ ಒಂದು ಸ್ಕ್ಯಾನಿಗೆ ಹೆಚ್ಚುಕಡಿಮೆ 315 ಎಂಬಿ. ಸೆಕೆಂಡಿಗೆ 20 ಮೆಗಾಬಿಟ್ ಕಳಿಸಬಲ್ಲ ಸಾಧಾರಣ ಸಂಪರ್ಕದಲ್ಲಿ ಇಷ್ಟನ್ನು ದಾಟಿಸಲು ಎರಡು ನಿಮಿಷ ಸಾಕು. ಸಂಜೆ ಹೊತ್ತು ಕೋಲ್ಸ್ ರಸ್ತೆಯಿಂದ ಬೌರಿಂಗ್ ಮುಟ್ಟಲು ಆಟೋಗೆ ಎಷ್ಟು ಹೊತ್ತು ಬೇಕೆಂದು ಆ ಕಡೆ ಓಡಾಡುವವರಿಗೆ ಗೊತ್ತು.

ಭಾಷೆಯ ತೊಡಕೂ ಇಲ್ಲ. ಒಂದು ಕಂಪನಿಯ ಯಂತ್ರ ತೆಗೆದ ಚಿತ್ರವನ್ನು ಇನ್ನೊಂದು ಕಂಪನಿಯ ಪರದೆ ತೋರಿಸಲಾರದ ಕಾಲವೊಂದಿತ್ತು. ಅದನ್ನು ಸರಿಪಡಿಸಲು ಅಮೆರಿಕದ ರೇಡಿಯಾಲಜಿ ಕಾಲೇಜೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ಮಾನಕ ಬಂತು, 1993ರಲ್ಲಿ ಅದು ಡೈಕಾಮ್ ಎಂಬ ಹೆಸರು ಪಡೆಯಿತು. ಭಾರತ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ಇ-ಆರೋಗ್ಯ ದಾಖಲೆಗಳ ಮಾನಕಗಳೂ ಚಿತ್ರಗಳಿಗೆ ಡೈಕಾಮನ್ನೇ ಒಪ್ಪಿಕೊಂಡಿವೆ. ಇವತ್ತು ಪುಲಿಕೇಶಿನಗರದ ಚಿಕ್ಕ ಸೆಂಟರಿನಲ್ಲಿರುವ ಸಿಟಿ ಯಂತ್ರವೂ ಡೈಕಾಮ್ ಕಡತವನ್ನೇ ಹೊರಡಿಸುತ್ತದೆ. ಅದನ್ನು ಪಡೆದು, ಸಂಗ್ರಹಿಸಿ, ಕೇಳಿದವರಿಗೆ ಕೊಡುವ ಸರ್ವರಿಗೆ ಪ್ಯಾಕ್ಸ್ ಎನ್ನುತ್ತಾರೆ. ಬೆಲ್ಜಿಯಂನ ಲಿಯೇಜ್‌ನಲ್ಲಿ ಹುಟ್ಟಿದ ಆರ್ಥಾಂಕ್‌ನಂಥ ಮುಕ್ತ ತಂತ್ರಾಂಶವನ್ನು ಹಳೆಯ ಕಂಪ್ಯೂಟರೊಂದಕ್ಕೆ ಹಾಕಿಕೊಂಡರೆ ಪುಟ್ಟ ಪ್ಯಾಕ್ಸ್ ಸಿದ್ಧ. ಪರವಾನಗಿಗೆ ಕಾಸು ಬೇಕಿಲ್ಲ.

ಫಿಲ್ಮಿನಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ತುಸು ನಿಂತು ನೋಡಬೇಕು. ಸಿಟಿ ಕಡತದಲ್ಲಿ ಪ್ರತಿ ಬಿಂದುವಿಗೂ ಹೌನ್ಸ್‌ಫೀಲ್ಡ್ ಮಾನದ ಒಂದು ಸಂಖ್ಯೆ ಇರುತ್ತದೆ: ಗಾಳಿಗೆ ಋಣ 1000, ನೀರಿಗೆ ಸೊನ್ನೆ, ಗಟ್ಟಿ ಮೂಳೆಗೆ ಸಾವಿರದ ಆಚೆ. ಇಷ್ಟು ಛಾಯೆಗಳನ್ನು ಮನುಷ್ಯನ ಕಣ್ಣು ಒಮ್ಮೆಗೇ ಬೇರ್ಪಡಿಸಲಾರದು. ಹಾಗಾಗಿ ವೈದ್ಯರು ತಮಗೆ ಬೇಕಾದ ಪಟ್ಟಿಯನ್ನಷ್ಟೇ ತೆರೆದುಕೊಳ್ಳುತ್ತಾರೆ. ಮೆದುಳಿಗೆ 40ರ ಸುತ್ತ 80 ಅಗಲದ ಪಟ್ಟಿ, ಶ್ವಾಸಕೋಶಕ್ಕೆ ಋಣ 600ರ ಸುತ್ತ 1500 ಅಗಲದ್ದು. ಇದಕ್ಕೆ ‘ವಿಂಡೋ’ ಎನ್ನುತ್ತಾರೆ. ಪರದೆಯ ಮೇಲೆ ಮೌಸ್ ಎಳೆದರೆ ವಿಂಡೋ ಬದಲಾಗುತ್ತದೆ. ಫಿಲ್ಮಿನ ಮೇಲೆ ಟೆಕ್ನಿಷಿಯನ್ ಆರಿಸಿದ ವಿಂಡೋವೇ ಕೊನೆಯದು. ತಲೆಗೆ ಪೆಟ್ಟು ಬಿದ್ದವನ ಸ್ಕ್ಯಾನನ್ನು ಮೆದುಳಿನ ವಿಂಡೋದಲ್ಲಿ ಮಾತ್ರ ಮುದ್ರಿಸಿದ್ದರೆ ತಲೆಬುರುಡೆಯ ತೆಳು ಬಿರುಕು ಬಿಳಿಯೊಳಗೆ ಬಿಳಿಯಾಗಿ ಮುಚ್ಚಿಹೋಗುತ್ತದೆ. ಜೊತೆಗೆ ಒಂದು ಹಾಳೆಯಲ್ಲಿ ಹಿಡಿಸುವುದು ಇಪ್ಪತ್ತು–ಮೂವತ್ತು ಚೌಕ. 600 ಸ್ಲೈಸಿನಲ್ಲಿ ಯಾವುದನ್ನು ಮುದ್ರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ರೋಗ ನೋಡುವ ವೈದ್ಯರ ಕೈಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಕವರಿನಲ್ಲಿ ಬರುವ ಸೀಡಿಯಲ್ಲಿ ಪೂರ್ತಿ ಕಡತವಿರುತ್ತದೆ ನಿಜ, ಆದರೆ ಒಪಿಡಿಯ ಕಂಪ್ಯೂಟರಿಗೆ ಸೀಡಿ ಡ್ರೈವ್ ಇರುವುದಿಲ್ಲ.

ಸಾಧನವಿದೆ, ಮಾನಕವಿದೆ, ವೇಗವಿದೆ. ಆದರೂ ಚಿತ್ರ ಹರಿಯುತ್ತಿಲ್ಲ. ಎಲ್ಲಿ ಹರಿದಿದೆ ಎಂದು ನೋಡಿದರೆ ಕಾರಣ ಸಿಗುತ್ತದೆ. ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಶುರುವಾದ ಅದೇ 2002ರಲ್ಲಿ ಇಸ್ರೊ ಉಪಗ್ರಹದ ಮೂಲಕ ಬೊಮ್ಮಸಂದ್ರದ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ಒಂದು ವ್ಯಾಪಾರ, ಇನ್ನೊಂದು ಸೇವೆ. ಎರಡರಲ್ಲೂ ಚಿತ್ರ ಹೊರಡುವ ಮುನ್ನವೇ ಅದನ್ನು ಯಾರು ನೋಡಬೇಕು, ಎಷ್ಟು ಹೊತ್ತಿನೊಳಗೆ ಹೇಳಬೇಕು, ಖರ್ಚು ಯಾರದು ಎಂಬುದು ತೀರ್ಮಾನವಾಗಿತ್ತು. ಅಮೆರಿಕದ ಮೆಡಿಕೇರ್ ದೇಶದ ಹೊರಗೆ ನೀಡಿದ ಸೇವೆಗೆ ಹಣ ಕೊಡುವುದಿಲ್ಲ. ಅದಕ್ಕೇ ಹೊರದೇಶದಿಂದ ಹೋಗುವ ರಾತ್ರಿ ರಿಪೋರ್ಟ್ ಪ್ರಾಥಮಿಕ, ಬೆಳಿಗ್ಗೆ ಅಲ್ಲಿನ ವೈದ್ಯರು ಕೊಡುವುದು ಅಂತಿಮ ಎಂಬ ಏರ್ಪಾಡು ಬೆಳೆಯಿತು. ಹಣಕಾಸಿನ ಒಂದು ನಿಯಮ ಇಡೀ ಕೆಲಸದ ವಿಧಾನವನ್ನು ರೂಪಿಸಿತು ಎಂಬುದು ಗಮನಿಸತಕ್ಕದ್ದು. ಒಂದೇ ಒಡೆತನದ ಆಸ್ಪತ್ರೆಗಳ ಸರಪಳಿಯೊಳಗೂ ಚಿತ್ರ ಸಲೀಸಾಗಿ ಓಡಾಡುತ್ತದೆ. ಅಲ್ಲಿ ಕಳಿಸುವವರೂ ನೋಡುವವರೂ ಒಂದೇ ಮನೆಯವರು. ಚಿತ್ರ ಹರಿಯುವುದು ಕೇಬಲ್ ಇರುವಲ್ಲಿ ಎನ್ನುವುದಕ್ಕಿಂತ ಕರಾರು ಇರುವಲ್ಲಿ ಎಂಬುದು ನನ್ನ ನಿಲುವು.

ಪುಲಿಕೇಶಿನಗರದಲ್ಲಿ ಅಂಥ ಕರಾರಿಗೆ ಪಕ್ಷಗಳೇ ಇಲ್ಲ. 1898ರ ಪ್ಲೇಗಿನ ನಂತರ ದಂಡಿನ ಪ್ರದೇಶದ ಕಿಕ್ಕಿರಿದ ಕೇರಿಗಳ ಹೊರೆ ಇಳಿಸಲು ಫ್ರೇಜರ್ ಟೌನ್ ಎಂಬ ಹೆಸರಿನಲ್ಲಿ ಹುಟ್ಟಿದ ಬಡಾವಣೆಯಿದು. ಇಲಿ ನುಗ್ಗದಂತೆ ಮನೆ ಕಟ್ಟುವ ಬಗೆಯನ್ನು ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಪುಸ್ತಕವಾಗಿಯೇ ಬರೆದ. ಆರೋಗ್ಯಕ್ಕೆಂದೇ ಯೋಜಿಸಿದ ಊರಿನಲ್ಲಿ ಇಂದಿನ ಆರೋಗ್ಯಸೇವೆ ಮಾತ್ರ ಯೋಜನೆಯಿಲ್ಲದೆ ಬೆಳೆದಿದೆ. ಬೀದಿಗೊಂದು ಕ್ಲಿನಿಕ್, ನಡುನಡುವೆ ನರ್ಸಿಂಗ್ ಹೋಮ್, ಸ್ಕ್ಯಾನ್ ಸೆಂಟರ್. ದಕ್ಷಿಣಕ್ಕೆ 1868ರಷ್ಟು ಹಳೆಯ ಬೌರಿಂಗ್, ಉತ್ತರಕ್ಕೆ ಕಾಡುಗೊಂಡನಹಳ್ಳಿಯ ಡಾ. ಬಿ. ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಇಂದಿರಾನಗರದ ಕಡೆ ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ. ಕ್ಲಿನಿಕ್ಕಿನ ವೈದ್ಯರು ಚೀಟಿ ಬರೆದುಕೊಡುತ್ತಾರೆ, ರೋಗಿ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸುತ್ತಾನೆ, ಆಮೇಲೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ಕೂತು ಯೋಚಿಸುತ್ತಾರೆ. ಚಿತ್ರ ತೆಗೆಯುವ ಹೊತ್ತಿಗೆ ಅದನ್ನು ನೋಡುವವರು ಯಾರೆಂಬುದು ಸೆಂಟರಿಗೂ ಗೊತ್ತಿರುವುದಿಲ್ಲ. ಕವರು ಹೆಚ್ಚು ಕೆಲಸಕ್ಕೆ ಬರುವುದು ಈ ಅನಿಶ್ಚಿತತೆಯಲ್ಲೇ. ಅದಕ್ಕೆ ಮುಂಚಿತವಾಗಿ ವಿಳಾಸ ಬೇಕಿಲ್ಲ. ಈ ಗುಣವನ್ನು ಒಪ್ಪಿಕೊಳ್ಳದ ಡಿಜಿಟಲ್ ಯೋಜನೆ ಈ ಬೀದಿಗಳಲ್ಲಿ ಸೋಲುತ್ತದೆ.

ಸರಿ, ಸೆಂಟರುಗಳು ಸರ್ವರನ್ನು ತೆರೆದಿಟ್ಟವೆಂದೇ ಇಟ್ಟುಕೊಳ್ಳೋಣ. ಬೌರಿಂಗಿನ ವೈದ್ಯರು ಏನೆಂದು ಹುಡುಕಬೇಕು? ಡೈಕಾಮ್ ಕಡತದ ತಲೆಬರಹದಲ್ಲಿ ಪ್ರತಿ ಮಾಹಿತಿಗೂ ಅಂಕಿಯ ಟ್ಯಾಗ್ ಇದೆ. 0010,0010 ರೋಗಿಯ ಹೆಸರು, 0010,0020 ರೋಗಿಯ ಸಂಖ್ಯೆ, 0010,0030 ಹುಟ್ಟಿದ ದಿನ. ಚಿತ್ರಕ್ಕೆ, ಸರಣಿಗೆ, ಇಡೀ ಸ್ಕ್ಯಾನಿಗೆ ಜಗತ್ತಿನಲ್ಲಿ ಇನ್ನೆಲ್ಲೂ ಇರದ ಒಂದೊಂದು ಗುರುತುಸಂಖ್ಯೆಯನ್ನು ಯಂತ್ರ ತಾನೇ ಕೊಡುತ್ತದೆ. ರೋಗಿಗೆ ಅಂಥದ್ದು ಇಲ್ಲ. ರೋಗಿಯ ಸಂಖ್ಯೆ ಎಂದು ತುಂಬುವುದು ಆ ಸೆಂಟರಿನ ಕ್ರಮಸಂಖ್ಯೆ, ಪಕ್ಕದ ಸೆಂಟರಿನಲ್ಲಿ ಅದೇ ಸಂಖ್ಯೆ ಇನ್ನೊಬ್ಬರದು. ಸಂಖ್ಯೆ ಕೊಟ್ಟವರು ಯಾರೆಂದು ಬರೆಯಲು 0010,0021 ಎಂಬ ಟ್ಯಾಗನ್ನು ಮಾನಕ ಮಾಡಿಯೇ ಇಟ್ಟಿದೆ, ಸಾಮಾನ್ಯವಾಗಿ ಅದನ್ನು ಖಾಲಿ ಬಿಡುತ್ತಾರೆ.

ಹೆಸರಿನ ಕಥೆ ಇನ್ನೂ ತೊಡಕಿನದು. ಡೈಕಾಮ್ ಹೆಸರನ್ನು ಐದು ಭಾಗ ಮಾಡುತ್ತದೆ: ಮೊದಲು ಮನೆತನದ ಹೆಸರು, ಆಮೇಲೆ ಕೊಟ್ಟ ಹೆಸರು, ನಡುಹೆಸರು, ಮುಂದಿನ ಗೌರವಸೂಚಕ, ಹಿಂದಿನದು. ಪುಲಿಕೇಶಿನಗರದಲ್ಲಿ ದಖನಿ ಮಾತಾಡುವ ಮುಸ್ಲಿಮರು, ತಮಿಳರು, ಕನ್ನಡಿಗರು, ಆಂಗ್ಲೋ-ಇಂಡಿಯನ್ನರು ಒಂದೇ ಬೆಂಚಿನಲ್ಲಿ ಕಾಯುತ್ತಾರೆ. ತಮಿಳರ ಇನಿಷಿಯಲ್ ಅಪ್ಪನ ಹೆಸರಿನದು, ಮನೆತನದ್ದಲ್ಲ. ಅದು ಒಂದು ಕಡೆ ಹೆಸರಿನ ಮುಂದೆ ಬಂದರೆ ಇನ್ನೊಂದು ಕಡೆ ಹಿಂದೆ ಬರುತ್ತದೆ. ಮೊಹಮ್ಮದ್ ಎಂಬುದನ್ನು ಒಬ್ಬ ಟೆಕ್ನಿಷಿಯನ್ ಪೂರ್ತಿ ಬರೆದರೆ ಇನ್ನೊಬ್ಬ ಎರಡಕ್ಷರಕ್ಕೆ ಮೊಟಕು ಮಾಡುತ್ತಾನೆ. ಪೂರ್ತಿ ಬರೆಯುವುದರಲ್ಲೂ ನಾಲ್ಕಾರು ಕಾಗುಣಿತ. ಬೇಗಂ, ಬೀ, ಬಾನು ಎಂಬವು ಒಮ್ಮೆ ಹೆಸರಿನ ಭಾಗ, ಒಮ್ಮೆ ಗೌರವ. ಮಾನಕದಲ್ಲಿ ಯುನಿಕೋಡ್ ಬಳಸಿ ಹೆಸರನ್ನು ಕನ್ನಡದಲ್ಲೇ ಬರೆಯಲು ಅವಕಾಶವಿದ್ದರೂ ಯಂತ್ರದ ಕೀಲಿಮಣೆ ಇಂಗ್ಲಿಷಿನದು. ಹುಟ್ಟಿದ ದಿನ ಕೇಳಿದರೆ ಹಿರಿಯರು ಹೇಳುವುದು ವಯಸ್ಸು, ಅದೂ ಅಂದಾಜು. ಕಂಪ್ಯೂಟರಿನಲ್ಲಿ ಜನವರಿ 1 ದಾಖಲಾಗುತ್ತದೆ. ಹೀಗಿರುವಾಗ ಹೆಸರು ಮತ್ತು ಜನ್ಮದಿನ ಹಿಡಿದು ಹುಡುಕಿದರೆ ಎರಡು ಬಗೆಯ ಅಪಾಯ: ಇರುವ ಚಿತ್ರ ಸಿಗದಿರುವುದು, ಇನ್ನೊಬ್ಬರ ಚಿತ್ರ ಸಿಗುವುದು. ಎರಡನೆಯದೇ ಹೆಚ್ಚು ಭಯಂಕರ. ಕವರಿನಲ್ಲಿ ಈ ಗೊಂದಲ ಕಡಿಮೆ, ಏಕೆಂದರೆ ರೋಗಿಯೂ ಚಿತ್ರವೂ ಒಟ್ಟಿಗೇ ಬರುತ್ತಾರೆ.

ಕವರಿಗೂ ಸರ್ವರಿಗೂ ನಡುವೆ ಈಗ ವಾಟ್ಸಾಪ್ ಬಂದು ಕೂತಿದೆ. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ಪರಿಚಯದ ಡಾಕ್ಟರಿಗೆ ಕಳಿಸುವುದು ಎಲ್ಲೆಡೆ ರೂಢಿ. ಒಂದು ಮಾತಿನ ಸಲಹೆಗೆ ಅದು ನಡೆದೀತು. ಆದರೆ ಸಾವಿರಾರು ಛಾಯೆಗಳು 256ಕ್ಕೆ ಇಳಿದಿರುತ್ತವೆ, ಟ್ಯಾಗುಗಳು ಉದುರಿಹೋಗಿರುತ್ತವೆ, ಯಾರ ಚಿತ್ರ ಎಂಬುದಕ್ಕೆ ಕಳಿಸಿದವರ ಮಾತೇ ಆಧಾರ.

ತೆರೆದಿಡುವುದೆಂದರೆ ಬಾಗಿಲು ಹಾಕದೆ ಬಿಡುವುದು ಎಂದು ತಿಳಿದವರೂ ಇದ್ದಾರೆ. ಜರ್ಮನಿಯ ಗ್ರೀನ್‌ಬೋನ್ ನೆಟ್‌ವರ್ಕ್ಸ್ ಸಂಸ್ಥೆ 2019–20ರಲ್ಲಿ ಅಂತರ್ಜಾಲದಲ್ಲಿ ರಕ್ಷಣೆಯಿಲ್ಲದೆ ಬಿದ್ದಿರುವ ಪ್ಯಾಕ್ಸ್ ಸರ್ವರುಗಳನ್ನು ಎಣಿಸಿತು. ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ಕ್ಯಾನ್ ದಾಖಲೆಗಳು ಹೀಗೆ ಬಯಲಿಗೆ ಬಿದ್ದಿದ್ದವು. ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದೇ, ಸುಮಾರು 1.8 ಲಕ್ಷ. ಇದಕ್ಕೆ ಜಾಣ ಕಳ್ಳರು ಬೇಕಿರಲಿಲ್ಲ. ಡೈಕಾಮ್ ಹುಟ್ಟಿದ್ದು ಆಸ್ಪತ್ರೆಯ ಗೋಡೆಯೊಳಗಿನ ಜಾಲಕ್ಕೆ. ಯಂತ್ರಗಳು ಒಂದನ್ನೊಂದು ಗುರುತಿಸುವ ‘ಎಇ ಟೈಟಲ್’ ಬರೀ ಹೆಸರು, ಪಾಸ್‌ವರ್ಡ್ ಅಲ್ಲ. ಮನೆಯಿಂದಲೇ ರಿಪೋರ್ಟ್ ಬರೆಯುವ ಅನುಕೂಲಕ್ಕೆಂದು ಅದೇ ಸರ್ವರನ್ನು ಹೊರಗಿನ ಜಾಲಕ್ಕೆ ಜೋಡಿಸಿದಾಗ ಕೇಳಿದವರಿಗೆಲ್ಲ ಚಿತ್ರ ಸಿಕ್ಕಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ಬಿದ್ದ ಸೈಬರ್ ದಾಳಿಯ ಪೆಟ್ಟು ಬೇರೆ ಬಗೆಯದು, ಆದರೆ ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕಬಾರದು ಎಂಬ ಎಚ್ಚರಿಕೆ ಅದರಲ್ಲಿದೆ.

ರೋಗಿಯ ಗುರುತಿನ ತೊಡಕಿಗೆ ಸರ್ಕಾರದ ಉತ್ತರ 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆ. ದಾಖಲೆ ಹುಟ್ಟಿದಲ್ಲೇ ಉಳಿಯುತ್ತದೆ, ರೋಗಿ ಒಪ್ಪಿದರೆ ಮಾತ್ರ ಕೇಳಿದವರಿಗೆ ಹೋಗುತ್ತದೆ ಎಂಬ ಅದರ ವಿನ್ಯಾಸ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಅದರಲ್ಲಿ ಸಾಗುವುದು ರಿಪೋರ್ಟಿನ ಪಿಡಿಎಫ್, ಚಿತ್ರ ಹಿಂದೆಯೇ ಉಳಿಯುತ್ತದೆ. ಶಸ್ತ್ರಚಿಕಿತ್ಸಕರಿಗೆ ರಿಪೋರ್ಟ್ ಸಾಲದು, ಗಡ್ಡೆ ಯಾವ ರಕ್ತನಾಳವನ್ನು ತಬ್ಬಿದೆ ಎಂದು ಅವರೇ ಕಣ್ಣಾರೆ ನೋಡಬೇಕು.

ಎಲ್ಲ ಚಿತ್ರಗಳನ್ನೂ ತಂದು ಸುರಿಯುವ ಮಹಾಭಂಡಾರ ಇಲ್ಲಿ ಬೇಕಿಲ್ಲ. ಯಾವ ಸ್ಕ್ಯಾನ್ ಯಾವ ಸರ್ವರಿನಲ್ಲಿದೆ ಎಂಬ ಸೂಚಿ ಸಾಕು. ಅದಕ್ಕೂ ಅಂತರರಾಷ್ಟ್ರೀಯ ಮಾದರಿ ಇದೆ. ಆಭಾ ಸಂಖ್ಯೆಯನ್ನು 0010,0020ರಲ್ಲಿ, ಅದನ್ನು ಕೊಟ್ಟವರನ್ನು 0010,0021ರಲ್ಲಿ ತುಂಬಿದರೆ ಆ ಸೂಚಿಯ ಅರ್ಧ ಕೆಲಸ ಮುಗಿಯಿತು. ಖರ್ಚಿಲ್ಲದೆ ಇಂಥದ್ದನ್ನು ಸೆಂಟರುಗಳು ತಾವಾಗಿ ಮಾಡುತ್ತವೆ ಎಂದು ನಂಬುವುದು ಕಷ್ಟ, ಒತ್ತಾಯಿಸಿದರೆ ಮಾಡುತ್ತವೆ ಎಂಬುದಕ್ಕೆ ಪುರಾವೆ ಅವುಗಳ ಕಪಾಟಿನಲ್ಲೇ ಇದೆ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ಫಾರ್ಮ್ ‘ಎಫ್’ ತುಂಬಿ, ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ವರದಿ ಕಳಿಸಿ, ದಾಖಲೆಯನ್ನು ಎರಡು ವರ್ಷ ಕಾಪಿಡುವುದನ್ನು ಚಿಕ್ಕ ಸೆಂಟರುಗಳೂ ಕಲಿತಿವೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿದೆ. ದಾಖಲೆ ಎಂದರೆ ಫಿಲ್ಮಲ್ಲ, ಮೂಲ ಡೈಕಾಮ್ ಕಡತ ಎಂಬ ಒಂದು ಸಾಲನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಷರತ್ತಾಗಿ ಸೇರಿಸಬಹುದು. ಸರ್ವರಿನ ಖರ್ಚು ಫಿಲ್ಮಿನ ಖರ್ಚಿನಲ್ಲಿ ವಜಾ ಆಗುತ್ತದೆಯೇ ಎಂದು ಸೆಂಟರಿನವರು ಕೇಳುತ್ತಾರೆ, ಕೇಳುವುದು ನ್ಯಾಯ. ಸೂಚಿಯನ್ನು ನಡೆಸುವ ಖರ್ಚನ್ನು ಮಾತ್ರ ಅವರ ಮೇಲೆ ಹೊರಿಸುವಂತಿಲ್ಲ. ಅದನ್ನು ಹೊರಬೇಕಾದದ್ದು, ಎರಡನೆಯ ಸಲದ ಸ್ಕ್ಯಾನಿಗೆ ಈಗ ಹಣ ತೆರುತ್ತಿರುವ ಸರ್ಕಾರಿ ಆರೋಗ್ಯ ವಿಮೆ.